ಶೂ ಬಿಚ್ಚಿ ಸಿಕ್ಕಿದ್ದೇನು?

2025ರ ಜುಲೈ 8ರಂದು ಅಮೆರಿಕ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು. ಇನ್ನು ಮುಂದೆ ಅಲ್ಲಿನ ವಿಮಾನ ನಿಲ್ದಾಣಗಳ ಸೆಕ್ಯುರಿಟಿ ಚೆಕ್‌ನಲ್ಲಿ ಎಲ್ಲರೂ ಶೂ ಬಿಚ್ಚಬೇಕಾಗಿಲ್ಲ. 2006ರಿಂದ ಕಡ್ಡಾಯವಾಗಿ ನಡೆದುಕೊಂಡು ಬಂದಿದ್ದ ಶಾಸ್ತ್ರ ಒಂದೇ ದಿನದಲ್ಲಿ ಮುಗೀತು. ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಜನ ಕುಣಿದಾಡಿದರು. ಇನ್ನು ತೂತು ಸಾಕ್ಸ್ ಹಾಕ್ಕೊಂಡು ನಿರಾಳವಾಗಿ ಹೋಗಬಹುದು ಅಂತ ಒಬ್ಬ ಬರೆದ. ನಾನೂ ನಕ್ಕೆ. ಆದರೆ ನಕ್ಕು ಮುಗಿದ ಮೇಲೂ ಒಂದು ಪ್ರಶ್ನೆ ತಲೆಯಲ್ಲಿ ಉಳಿದುಕೊಂಡಿತು. ಇವತ್ತು ಬೇಡ ಅಂದಿದ್ದು ಯಾವತ್ತಿನಿಂದ ಬೇಡವಾಗಿತ್ತು? ಅದನ್ನ ಲೆಕ್ಕ ಹಾಕ್ತಾ ಇದ್ದವರು ಯಾರಾದರೂ ಇದ್ರಾ?

ಒಂದು ಮಾತನ್ನ ಮೊದಲೇ ಹೇಳಿಬಿಡ್ತೀನಿ. ತಪಾಸಣೆಯೇ ಬೇಡ ಅನ್ನೋ ಪಕ್ಷಕ್ಕೆ ಸೇರಿದವಳಲ್ಲ ನಾನು. 1968ರಿಂದ 1972ರವರೆಗಿನ ಐದು ವರ್ಷಗಳಲ್ಲಿ ಅಮೆರಿಕವೊಂದರಲ್ಲೇ 130ಕ್ಕೂ ಹೆಚ್ಚು ವಿಮಾನ ಅಪಹರಣದ ಯತ್ನಗಳಾಗಿದ್ದವು. 1973ರ ಜನವರಿಯಲ್ಲಿ ಪ್ರತಿಯೊಬ್ಬ ಪ್ರಯಾಣಿಕನನ್ನೂ ಅವನ ಕೈಚೀಲವನ್ನೂ ಪರೀಕ್ಷಿಸೋದು ಶುರುವಾದ ಮೇಲೆ ಆ ಸಂಖ್ಯೆ ಧಡಕ್ಕನೆ ಇಳಿಯಿತು. ನಮ್ಮಲ್ಲಿ 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ಐಸಿ 814 ಕಂದಹಾರ್ ತಲುಪಿದ್ದನ್ನ ನಮ್ಮ ಅಪ್ಪ ಅಮ್ಮ ಟಿವಿ ಮುಂದೆ ಕೂತು ನೋಡಿದ್ದರು. ಮರುವರ್ಷದಿಂದ ನಮ್ಮ ನಿಲ್ದಾಣಗಳ ಕಾವಲು ಸಿಐಎಸ್ಎಫ್ ಕೈಗೆ ಬಂತು. ಇದೆಲ್ಲ ಬೇಕಾಗಿತ್ತು.

ಅದಕ್ಕೂ ಹಿಂದಿನ ಕನಿಷ್ಕ ದುರಂತ ಇನ್ನೂ ದೊಡ್ಡ ಪಾಠ. 1985ರ ಜೂನ್ 23ರಂದು ಐರ್ಲೆಂಡ್ ಕರಾವಳಿಯ ಬಳಿ ಏರ್ ಇಂಡಿಯಾ 182 ಆಕಾಶದಲ್ಲೇ ಸಿಡಿದು 329 ಜನ ಸತ್ತರು. ಬಾಂಬ್ ಇದ್ದ ಸೂಟ್‌ಕೇಸನ್ನು ವ್ಯಾಂಕೂವರ್‌ನಲ್ಲಿ ಚೆಕ್ ಇನ್ ಮಾಡಿದವನು ವಿಮಾನ ಹತ್ತಿರಲೇ ಇಲ್ಲ. ಟೊರಾಂಟೊದಲ್ಲಿ ಎಕ್ಸ್‌ರೇ ಯಂತ್ರ ಅವತ್ತೇ ಕೆಟ್ಟು ಕೂತಿತ್ತು. ಇವತ್ತು ನೀವು ಲಗೇಜ್ ಹಾಕಿ ಗೇಟಿಗೆ ಬರದೇ ಹೋದರೆ ನಿಮ್ಮ ಪೆಟ್ಟಿಗೆಯನ್ನ ಹುಡುಕಿ ಕೆಳಗಿಳಿಸ್ತಾರೆ, ವಿಮಾನ ಅರ್ಧ ಗಂಟೆ ತಡವಾದರೂ ಸರಿ. ಈ ಕಟ್ಟುನಿಟ್ಟಿನ ಹಿಂದೆ ಕನಿಷ್ಕದ ಸಾವುಗಳಿವೆ. ಒಳ್ಳೆ ನಿಯಮ ಅಂದರೆ ಇದು. ನಿಮ್ಮ ಬೆಲ್ಟ್ ಬಿಚ್ಚಿಸಲ್ಲ, ನಿಮ್ಮನ್ನ ಸಾಲಲ್ಲಿ ನಿಲ್ಲಿಸಲ್ಲ. ನಿಮಗೆ ಗೊತ್ತೂ ಆಗದ ಹಾಗೆ ಬ್ಯಾಗಿನ ಪಟ್ಟಿಗೂ ಪ್ರಯಾಣಿಕರ ಪಟ್ಟಿಗೂ ತಾಳೆ ನೋಡುತ್ತೆ.

ನನ್ನ ತಕರಾರು ಇರೋದು ನಮ್ಮ ಮೈಗೆ ತಾಗುವ, ಎಲ್ಲರಿಗೂ ಕಾಣುವ ನಿಯಮಗಳ ಬಗ್ಗೆ. ಅವುಗಳ ಜಾತಕ ಒಮ್ಮೆ ತೆಗೆದು ನೋಡಿ.

2001ರ ಡಿಸೆಂಬರ್ 22. ಪ್ಯಾರಿಸ್‌ನಿಂದ ಮಯಾಮಿಗೆ ಹೊರಟಿದ್ದ ವಿಮಾನದಲ್ಲಿ ರಿಚರ್ಡ್ ರೀಡ್ ಎಂಬಾತ ಶೂನಲ್ಲಿದ್ದ ಬಾಂಬಿಗೆ ಬೆಂಕಿ ಹಚ್ಚೋಕೆ ಹೋದ. ಅವನನ್ನ ಹಿಡಿದು ಕಟ್ಟಿಹಾಕಿದ್ದು ಗಗನಸಖಿಯರು ಮತ್ತು ಸಹಪ್ರಯಾಣಿಕರು. ಹಿಂದಿನ ದಿನವೇ ಅನುಮಾನ ಬಂದು ಪೊಲೀಸರು ಅವನನ್ನ ಕೂರಿಸಿ ವಿಚಾರಿಸಿದ್ದರು, ಅವತ್ತಿನ ವಿಮಾನ ತಪ್ಪಿತು, ಮರುದಿನ ಹತ್ತಿಸಿ ಕಳಿಸಿದರು. ತಪ್ಪಿದ್ದು ಆ ವಿಚಾರಣೆ. ಶಿಕ್ಷೆ ಮಾತ್ರ ಜಗತ್ತಿನ ಶೂಗಳಿಗೆ.

2006ರ ಆಗಸ್ಟ್ 10. ಅಟ್ಲಾಂಟಿಕ್ ದಾಟುವ ವಿಮಾನಗಳನ್ನ ದ್ರವರೂಪದ ಬಾಂಬಿನಿಂದ ಉರುಳಿಸುವ ಸಂಚನ್ನು ಬ್ರಿಟಿಷ್ ಪೊಲೀಸರು ಬಯಲು ಮಾಡಿದರು. ವಾರಗಟ್ಟಲೆ ಬೆನ್ನು ಹತ್ತಿ, ಕಣ್ಣಿಟ್ಟು ಹಿಡಿದದ್ದು. ಆರೋಪಿಗಳು ವಿಮಾನ ನಿಲ್ದಾಣದ ಹೊಸ್ತಿಲನ್ನೂ ತುಳಿದಿರಲಿಲ್ಲ. ಅಲ್ಲಿಂದ ನಮಗೆ ಬಂದಿದ್ದು 100 ಮಿಲಿಲೀಟರ್ ನಿಯಮ ಮತ್ತು ಒಂದು ಪಾರದರ್ಶಕ ಚೀಲ.

2009ರ ಡಿಸೆಂಬರ್ 25. ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಬರ್ತಿದ್ದ ವಿಮಾನದಲ್ಲಿ ನೈಜೀರಿಯಾದ ಉಮರ್ ಫಾರೂಕ್ ಅಬ್ದುಲ್‌ಮುತಲ್ಲಬ್ ಒಳಉಡುಪಿನಲ್ಲಿ ಬಾಂಬ್ ಅಡಗಿಸಿಕೊಂಡಿದ್ದ. ಅವನನ್ನೂ ಹಿಡಿದದ್ದು ಪಕ್ಕದ ಸಾಲುಗಳಲ್ಲಿ ಕೂತಿದ್ದವರು ಮತ್ತು ಸಿಬ್ಬಂದಿ. ಅವನ ಸ್ವಂತ ಅಪ್ಪ ಹಿಂದಿನ ತಿಂಗಳೇ ಅಬುಜಾದ ಅಮೆರಿಕನ್ ದೂತಾವಾಸಕ್ಕೆ ಹೋಗಿ, ಮಗ ದಾರಿ ತಪ್ಪಿದ್ದಾನೆ ಅಂತ ಹೇಳಿ ಬಂದಿದ್ದರು. ಹೆಸರು ಒಂದು ಕಂಪ್ಯೂಟರಿನ ಪಟ್ಟಿಗೆ ಹೋಯಿತು, ವಿಮಾನ ಹತ್ತಿಸಬಾರದವರ ಪಟ್ಟಿಗೆ ಹೋಗಲಿಲ್ಲ. ವೀಸಾ ಕೂಡ ರದ್ದಾಗಲಿಲ್ಲ. ಇದಕ್ಕೆ ಮೊದಲು ಬಂದ ಪರಿಹಾರ ಏನು ಗೊತ್ತಾ? ಅಮೆರಿಕಕ್ಕೆ ಬರುವ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಕೊನೆಯ ಒಂದು ಗಂಟೆ ಯಾರೂ ಸೀಟು ಬಿಟ್ಟು ಏಳಬಾರದು, ತೊಡೆ ಮೇಲೆ ಕಂಬಳಿ ಇರಬಾರದು. ಅವನು ಇಳಿಯೋ ಹೊತ್ತಿಗೆ ಪ್ರಯತ್ನ ಪಟ್ಟಿದ್ದನಲ್ಲ, ಅದಕ್ಕೆ! ಮುಂದಿನವನು ಎರಡು ಗಂಟೆ ಮುಂಚೆ ಶುರು ಮಾಡಿದರೆ ಏನು ಗತಿ ಅಂತ ಕೇಳೋರಿಲ್ಲ. ಕೆಲವೇ ದಿನಗಳಲ್ಲಿ ಆ ನಿಯಮ ಸಡಿಲವಾಯಿತು. ಆಮೇಲೆ 14 ದೇಶಗಳವರಿಗೆ ಹೆಚ್ಚುವರಿ ತಪಾಸಣೆ ಅಂದರು. ಮೂರು ತಿಂಗಳಲ್ಲಿ ಅದೂ ಹೋಯಿತು. ಬಟ್ಟೆಯೊಳಗಿನ ಮೈ ತೋರಿಸುವ ಬ್ಯಾಕ್‌ಸ್ಕ್ಯಾಟರ್ ಯಂತ್ರಗಳನ್ನ ಭರಾಟೆಯಿಂದ ತಂದು ನಿಲ್ಲಿಸಿದರು. 2013ರ ಹೊತ್ತಿಗೆ ಅವನ್ನೂ ಹೊರಗೆ ಸಾಗಿಸಿದರು.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲಿ ಆಗ್ತಿರೋದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಕಳ್ಳ ಬಂದಿದ್ದು ಹಿತ್ತಲಿಂದ, ಹಾಕಿದ್ದು ಮುಂಬಾಗಿಲು. ಮೂರೂ ಪ್ರಕರಣಗಳಲ್ಲಿ ಕೆಲಸ ಮಾಡಿದ್ದು, ಅಥವಾ ಮಾಡಬೇಕಾಗಿದ್ದು, ಪೊಲೀಸರ ಪತ್ತೇದಾರಿಕೆ, ಕಚೇರಿಗಳ ನಡುವಿನ ಮಾತುಕತೆ ಮತ್ತು ಸಹಪ್ರಯಾಣಿಕರ ಧೈರ್ಯ. ನಾನು ನೀವು ಟ್ರೇ ಹಿಡ್ಕೊಂಡು ನಿಂತಿರೋ ಸಾಲು ಅಲ್ಲ.

ಇದಕ್ಕೆ ಒಂದು ಗಟ್ಟಿ ಉತ್ತರ ಇದೆ, ಅದನ್ನ ಮುಚ್ಚಿಡೋದು ಸರಿಯಲ್ಲ. ಮಾಮೂಲಿ ತಪಾಸಣೆ ಇದ್ದದ್ದಕ್ಕೇ ಇವರು ಸಲೀಸಾದ ಬಾಂಬ್ ತರೋಕಾಗದೆ ಶೂ, ಚಡ್ಡಿ ಅಂತ ಒದ್ದಾಡಿದರು, ಹಾಗಾಗಿಯೇ ಅವು ಸಿಡಿಯಲಿಲ್ಲ ಅನ್ನೋ ವಾದ. ನಾನು ಒಪ್ಪುತ್ತೇನೆ. ಆದರೆ ಗಮನಿಸಿ, ಇದು ಮೊದಲಿಂದ ಇದ್ದ ಮೂಲ ತಪಾಸಣೆಯ ಪರವಾದ ವಾದ. ಅದರ ಮೇಲೆ ಪದರ ಪದರವಾಗಿ ಪೇರಿಸಿದ್ದಕ್ಕೆ ಇದು ಸಮರ್ಥನೆ ಆಗಲ್ಲ. ಪೇರಿಸಿದ್ದು ಎಷ್ಟು ಗಟ್ಟಿ ಅಂತ ಅಮೆರಿಕದವರೇ 2015ರಲ್ಲಿ ಪರೀಕ್ಷೆ ಮಾಡಿ ನೋಡಿದ್ದರು. ಸರ್ಕಾರದ ತನಿಖಾಧಿಕಾರಿಗಳು ಮಾರುವೇಷದಲ್ಲಿ ನಕಲಿ ಬಾಂಬು, ಆಯುಧ ಇಟ್ಟುಕೊಂಡು ಹೋದರು. 70 ಪ್ರಯತ್ನಗಳಲ್ಲಿ 67 ಸಲ ಆರಾಮಾಗಿ ಒಳಗೆ ಹೋಗಿಬಿಟ್ಟರು. ಸುದ್ದಿ ಹೊರಬಿದ್ದ ಮೇಲೆ ಟಿಎಸ್ಎ ಮುಖ್ಯಸ್ಥರನ್ನ ಎತ್ತಂಗಡಿ ಮಾಡಿದರು. ಅಷ್ಟು ಹೊತ್ತಿಗೆ ನಾವು ಒಂಬತ್ತು ವರ್ಷದಿಂದ ಶೂ ಬಿಚ್ಚುತ್ತಾ ಇದ್ವಿ.

ಬ್ರೂಸ್ ಶ್ನಾಯರ್ ಅನ್ನೋ ಭದ್ರತಾ ತಜ್ಞ ಇದಕ್ಕೆ ಒಂದು ಹೆಸರಿಟ್ಟಿದ್ದಾರೆ, ಸೆಕ್ಯುರಿಟಿ ಥಿಯೇಟರ್ ಅಂತ. ಸುರಕ್ಷತೆಗಿಂತ ಸುರಕ್ಷತೆಯ ಭಾವನೆ ಕೊಡೋ ಏರ್ಪಾಡು. ನೀವು ಐಟಿಯಲ್ಲಿದ್ದರೆ ಇದು ತಕ್ಷಣ ಅರ್ಥ ಆಗುತ್ತೆ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಿ ಅಂತ ಮೇಲ್ ಬರುತ್ತಲ್ಲ, ಎಲ್ಲರೂ ಕೊನೇಲಿ ಒಂದು ಅಂಕಿ ಬದಲಾಯಿಸಿ ಅದನ್ನ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸ್ತಾರಲ್ಲ, ಅದೇ.

ಈ ನಾಟಕದ ಸ್ಕ್ರಿಪ್ಟ್ ಎಷ್ಟು ಸಡಿಲ ಅಂತ ನೋಡಬೇಕಾದರೆ 100 ಮಿಲಿಲೀಟರ್ ನಿಯಮವನ್ನೇ ತಗೊಳ್ಳಿ. ನಿಮ್ಮ ಕೈಲಿರೋ ನೀರಿನ ಬಾಟಲಿ ಅಪಾಯಕಾರಿ ಅಂತ ಕಿತ್ಕೊಳ್ತಾರೆ. ಕಿತ್ಕೊಂಡು ಏನು ಮಾಡ್ತಾರೆ? ಅಲ್ಲೇ, ಇನ್ನೂರು ಜನ ನಿಂತಿರೋ ಸಾಲಿನ ಪಕ್ಕದಲ್ಲಿರೋ ಡಬ್ಬಕ್ಕೆ ದಢಾರ್ ಅಂತ ಎಸೀತಾರೆ. ನಿಜವಾಗಿಯೂ ಬಾಂಬ್ ಇರಬಹುದು ಅಂತ ನಂಬಿದವರು ಹಾಗೆ ಎಸೀತಾರಾ, ನೀವೇ ಹೇಳಿ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಪಾಸ್, ಪುಳಿಯೋಗರೆ ಗೊಜ್ಜು ಫೇಲ್. ಗೊಜ್ಜು ದ್ರವವೋ ಘನವೋ ಅಂತ ತೀರ್ಮಾನ ಮಾಡೋ ಅಧಿಕಾರ ಆ ಕ್ಷಣದಲ್ಲಿ ಎದುರಿಗೆ ನಿಂತಿರೋ ಒಬ್ಬ ವ್ಯಕ್ತಿಯದ್ದು.

2017ರ ಲ್ಯಾಪ್‌ಟಾಪ್ ನಿಷೇಧ ನೆನಪಿದೆಯಾ? ಬೆಂಗಳೂರಿಂದ ದುಬೈ, ದೋಹಾ ಮೂಲಕ ಅಮೆರಿಕಕ್ಕೆ ಓಡಾಡೋರಿಗೆ ಮರೆತಿರೋಕೆ ಸಾಧ್ಯ ಇಲ್ಲ. ಮಾರ್ಚ್ ತಿಂಗಳಲ್ಲಿ ಎಂಟು ದೇಶಗಳ 10 ವಿಮಾನ ನಿಲ್ದಾಣಗಳಿಂದ ಅಮೆರಿಕಕ್ಕೆ ಹೋಗುವವರು ಫೋನಿಗಿಂತ ದೊಡ್ಡ ಯಾವ ಎಲೆಕ್ಟ್ರಾನಿಕ್ ವಸ್ತುವನ್ನೂ ಜೊತೆಗೆ ಇಟ್ಟುಕೊಳ್ಳೋ ಹಾಗಿಲ್ಲ, ಲಗೇಜಿಗೆ ಹಾಕಿ ಅಂದರು. ಬ್ರಿಟನ್ ಕೂಡ ಇಂಥದ್ದೇ ಪಟ್ಟಿ ಮಾಡಿತು, ಆದರೆ ಅದರಲ್ಲಿ ದುಬೈಯೂ ಇರಲಿಲ್ಲ, ದೋಹಾವೂ ಇರಲಿಲ್ಲ. ಅಂದರೆ ಅದೇ ಲ್ಯಾಪ್‌ಟಾಪ್ ದುಬೈನಿಂದ ಲಂಡನ್‌ಗೆ ಹೋದರೆ ಸಾಧು, ನ್ಯೂಯಾರ್ಕ್‌ಗೆ ಹೋದರೆ ಉಗ್ರ. ಇನ್ನೊಂದು ತಮಾಷೆ ಅಂದರೆ, ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿಕೊಂಡರೆ ಕ್ಯಾಬಿನ್‌ನಲ್ಲಿ ಆರಿಸಬಹುದು, ಸಾಮಾನಿನ ಕೋಣೆಯಲ್ಲಿ ಕಷ್ಟ ಅಂತ ವಿಮಾನ ಸುರಕ್ಷತೆಯವರು ವರ್ಷಗಳಿಂದ ಹೇಳ್ತಾ ಬಂದಿದ್ದರು. ಪವರ್ ಬ್ಯಾಂಕ್ ಲಗೇಜಿಗೆ ಹಾಕಬೇಡಿ ಅನ್ನೋದು ಅದಕ್ಕೇ. ಒಂದು ಇಲಾಖೆ ಮೇಲೆ ಇಟ್ಟುಕೊಳ್ಳಿ ಅನ್ನುತ್ತೆ, ಇನ್ನೊಂದು ಕೆಳಗೆ ಹಾಕಿ ಅನ್ನುತ್ತೆ. ನಾಲ್ಕು ತಿಂಗಳಲ್ಲಿ ನಿಷೇಧ ಒಂದೊಂದೇ ನಿಲ್ದಾಣದಿಂದ ತೆರವಾಯಿತು.

ಇಷ್ಟೇ ಆಗಿದ್ದರೆ ಕಿರಿಕಿರಿ ಅಂತ ಸುಮ್ಮನಾಗಬಹುದಿತ್ತು. ಆದರೆ ಈ ಕಿರಿಕಿರಿಯನ್ನ ಎಲ್ಲರಿಗೂ ಸಮನಾಗಿ ಹಂಚಿಲ್ಲ. ನನ್ನ ಸಿಟ್ಟಿನ ಮೂಲ ಅದು.

ನನ್ನ ಅಮ್ಮನಿಗೆ 68 ವರ್ಷ, ಎರಡೂ ಮಂಡಿ ಬದಲಾಯಿಸಿದೆ. ಅಕ್ಕನ ಬಾಣಂತನಕ್ಕೆ ಅಂತ ನಾನೂ ಅವಳೂ ಹೊರಟಿದ್ವಿ. ಯುರೋಪಿನ ಒಂದು ನಿಲ್ದಾಣದಲ್ಲಿ ವಿಮಾನ ಬದಲಾಯಿಸುವಾಗ ಮತ್ತೆ ತಪಾಸಣೆ. ಬೆಂಗಳೂರಿನಲ್ಲಿ ಆಗಿದ್ದು ಅಲ್ಲಿ ಲೆಕ್ಕಕ್ಕಿಲ್ಲ. ಯಂತ್ರ ಕೂಗಿತು, ಕೂಗಲೇಬೇಕು, ಮಂಡಿಯಲ್ಲಿ ಲೋಹ ಇದೆ. ಬಳೆ ಬಿಚ್ಚಿಸಿದರು. ತಾಳಿ ಬಿಚ್ಚಿ ಅಂದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಹತ್ತಿರ ಹೋಗಿ ಹೇಳೋಕೆ ಹೋದರೆ ಹಿಂದೆ ನಿಲ್ಲಿ ಅಂತ ಕೈ ಅಡ್ಡ ಹಿಡಿದರು. ಸಾಲಿನ ಎಲ್ಲರ ಮುಂದೆ ಸೀರೆಯ ನೆರಿಗೆ ಒಳಗೆ ಕೈ ಹಾಕಿ, ಮಂಡಿಯ ಮೇಲಿನ ಹೊಲಿಗೆ ಗುರುತು ತೋರಿಸು ಅಂತ ಸನ್ನೆ ಮಾಡಿದರು. ಆಕೆ ಒರಟಾಗಿ ಏನೂ ನಡ್ಕೊಳ್ಳಲಿಲ್ಲ, ಆ ಹೆಂಗಸು ತನ್ನ ಕೆಲಸ ಮಾಡಿದಳು ಅಷ್ಟೆ. ಆಮೇಲೆ ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂತು ತಾಳಿ ಹಾಕ್ಕೊಳ್ತಾ ಅಮ್ಮ ಕೇಳಿದಳು: "ನಾನೇನಾದ್ರೂ ತಪ್ಪು ಮಾಡಿದ್ನೇನೇ?"

ಈ ಪ್ರಶ್ನೆಗೆ ಯಾವ ಭದ್ರತಾ ಕೈಪಿಡಿಯಲ್ಲೂ ಉತ್ತರ ಇಲ್ಲ.

ನಮ್ಮ ದೇಶದಲ್ಲಿ ನಾವು ಏನೇ ಬೈಕೊಂಡರೂ ಹೆಂಗಸರಿಗೆ ಪರದೆ ಕಟ್ಟಿದ ಪುಟ್ಟ ಗೂಡು ಇದೆ, ಒಳಗೆ ಮಹಿಳಾ ಸಿಬ್ಬಂದಿ ಇರ್ತಾರೆ. ಆ ಗೂಡುಗಳು ಕಮ್ಮಿ, ಅದಕ್ಕೇ ನಮ್ಮ ಸಾಲು ಗಂಡಸರ ಸಾಲಿಗಿಂತ ಉದ್ದ. ಅದು ಬೇರೆ ಜಗಳ. ಆದರೆ ಮೈ ಮುಟ್ಟೋದಾದರೆ ಮರೆಯಲ್ಲಿ ಮುಟ್ಟಬೇಕು ಅನ್ನೋ ಕನಿಷ್ಠ ಮರ್ಯಾದೆ ನಮ್ಮ ಪದ್ಧತಿಯಲ್ಲಿ ಮೊದಲಿಂದ ಇದೆ. ಶ್ರೀಮಂತ ದೇಶಗಳು ಬಹಳಷ್ಟು ಕಡೆ ಅದನ್ನ ನೀವು ಕೇಳಿದರೆ ಮಾತ್ರ ಕೊಡುತ್ತವೆ. ಕೇಳೋಕೆ ಭಾಷೆ ಬರಬೇಕು, ಕೇಳಬಹುದು ಅಂತ ಗೊತ್ತಿರಬೇಕು. ಹಾಗಾಗಿ ಅಪ್ಪ ಅಮ್ಮನನ್ನ ಒಬ್ಬರೇ ಕಳಿಸುವವರು, "ಪ್ರತ್ಯೇಕ ಕೋಣೆಯಲ್ಲಿ ಮಹಿಳಾ ಸಿಬ್ಬಂದಿಯೇ ಪರೀಕ್ಷಿಸಲಿ" ಅಂತ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಕೈಗೆ ಕೊಡಿ. ಕೆಲಸಕ್ಕೆ ಬರುತ್ತೆ.

ದುಡ್ಡಿದ್ದವರಿಗೆ ಬೇರೆ ಬಾಗಿಲು ಇದೆ ಅನ್ನೋದು ಇನ್ನೊಂದು ವಿಚಾರ. ಅಮೆರಿಕದಲ್ಲಿ 2011ರಲ್ಲಿ ಪ್ರೀಚೆಕ್ ಅನ್ನೋ ಯೋಜನೆ ಶುರುವಾಯಿತು. ಬೆರಳಚ್ಚು ಕೊಟ್ಟು, ಐದು ವರ್ಷಕ್ಕೆ 80 ಡಾಲರ್ ಆಸುಪಾಸು ಕಟ್ಟಿದರೆ ಶೂನೂ ಬಿಚ್ಚಬೇಕಾಗಿಲ್ಲ, ಲ್ಯಾಪ್‌ಟಾಪೂ ತೆಗೆಯಬೇಕಾಗಿಲ್ಲ. ಗೊತ್ತಿರುವ ಪ್ರಯಾಣಿಕನ ಮೇಲೆ ಕಮ್ಮಿ ಗಮನ, ಗೊತ್ತಿಲ್ಲದವನ ಮೇಲೆ ಜಾಸ್ತಿ ಗಮನ ಅನ್ನೋ ತರ್ಕ ತಪ್ಪಲ್ಲ. ಆದರೆ ಪ್ರವಾಸಿ ವೀಸಾದಲ್ಲಿ ವರ್ಷಕ್ಕೊಮ್ಮೆ ಮೊಮ್ಮಗು ನೋಡೋಕೆ ಬರೋ ಅಜ್ಜಿಗೆ ಅದು ಸುಲಭಕ್ಕೆ ಸಿಗಲ್ಲ. ಜಗತ್ತಿನಲ್ಲೇ ಅತಿ ಕಡಿಮೆ ಅಪಾಯದ ಪ್ರಯಾಣಿಕಳು ಅತಿ ಹೆಚ್ಚು ಹೊತ್ತು ಕೈ ಎತ್ತಿ ನಿಂತಿರ್ತಾಳೆ.

ಇನ್ನು ಹೆಸರಿನ ಪಜೀತಿ. ನಮ್ಮಲ್ಲಿ ಎಷ್ಟೋ ಜನರಿಗೆ ಅಡ್ಡಹೆಸರೇ ಇಲ್ಲ. ಒಂದು ಹೆಸರು, ಹಿಂದೆ ಊರಿನದೋ ಅಪ್ಪನದೋ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್ಎನ್‌ಯು ಅಂತ ಬರುತ್ತೆ, ಅಂದರೆ ಮೊದಲ ಹೆಸರು ತಿಳಿದಿಲ್ಲ ಅಂತ. ಟಿಕೆಟ್ಟಿನಲ್ಲಿ ಒಂದು, ವೀಸಾದಲ್ಲಿ ಇನ್ನೊಂದು. ಅದರ ಮೇಲೆ ಬೋರ್ಡಿಂಗ್ ಪಾಸಿನಲ್ಲಿ ನಾಲ್ಕು ಎಸ್ ಅಚ್ಚಾಗಿ ಬಂತು ಅಂದರೆ ಮುಗೀತು. ಹೆಚ್ಚುವರಿ ತಪಾಸಣೆಗೆ ನಿಮ್ಮನ್ನ ಆರಿಸಲಾಗಿದೆ ಅಂತ ಅದರ ಅರ್ಥ. ಯಾಕೆ ಅಂತ ಹೇಳಲ್ಲ. ದೂರು ಕೊಡೋಕೆ ಅಮೆರಿಕದಲ್ಲಿ 2007ರಿಂದ ಒಂದು ವ್ಯವಸ್ಥೆ ಇದೆ, ಅರ್ಜಿ ಹಾಕಿದರೆ ಒಂದು ಸಂಖ್ಯೆ ಕೊಡ್ತಾರೆ, ಆದರೆ ನಿಮ್ಮ ಹೆಸರು ಪಟ್ಟಿಯಲ್ಲಿ ಇತ್ತೋ ಇಲ್ಲವೋ ಅನ್ನೋದನ್ನ ಅಲ್ಲೂ ಹೇಳಲ್ಲ. ಮುಸ್ಲಿಂ ಹೆಸರಿನ ನನ್ನ ಸಹೋದ್ಯೋಗಿಯೊಬ್ಬ ಕನೆಕ್ಷನ್‌ಗೆ ಯಾವಾಗಲೂ ನಾಲ್ಕು ಗಂಟೆ ಇಟ್ಟುಕೊಂಡೇ ಟಿಕೆಟ್ ಮಾಡೋದು. ನಾವೆಲ್ಲ ಎರಡು ಗಂಟೆ. ಆ ಎರಡು ಗಂಟೆಯ ವ್ಯತ್ಯಾಸದ ಬಗ್ಗೆ ಅವನು ಒಂದು ಸಲವೂ ದೂರಿದ್ದನ್ನ ನಾನು ಕೇಳಿಲ್ಲ.

ನಾವು ಇದಕ್ಕೆಲ್ಲ ಸಿಟ್ಟಾಗೋದು ಯಾವಾಗ? ದೊಡ್ಡವರಿಗೆ ಆದಾಗ. 2009ರಲ್ಲಿ ದೆಹಲಿಯಲ್ಲಿ ಅಮೆರಿಕನ್ ವಿಮಾನ ಸಂಸ್ಥೆಯೊಂದರ ಸಿಬ್ಬಂದಿ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರನ್ನ ತಪಾಸಣೆ ಮಾಡಿದ್ದು ಗೊತ್ತಾದಾಗ ಸಂಸತ್ತಿನಲ್ಲೇ ಗದ್ದಲ ಆಯಿತು, ಸಂಸ್ಥೆ ಕ್ಷಮೆ ಕೇಳಿತು. ಅದೇ ವರ್ಷ ನೆವಾರ್ಕ್‌ನಲ್ಲಿ ಶಾರುಖ್ ಖಾನ್‌ರನ್ನ ತಡೆದು ವಿಚಾರಿಸಿದಾಗ ದಿನಗಟ್ಟಲೆ ಚರ್ಚೆ. 2010ರ ಡಿಸೆಂಬರ್‌ನಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ನಿಲ್ದಾಣದಲ್ಲಿ ಸೀರೆ ಉಟ್ಟಿದ್ದ ನಮ್ಮ ರಾಯಭಾರಿ ಮೀರಾ ಶಂಕರ್ ಅವರ ಮೈ ತಡವಿದಾಗ, ಆಗ ವಿದೇಶಾಂಗ ಸಚಿವರಾಗಿದ್ದ ನಮ್ಮ ಎಸ್.ಎಂ. ಕೃಷ್ಣ ಇದನ್ನ ಒಪ್ಪೋಕಾಗಲ್ಲ ಅಂತ ಪ್ರತಿಭಟಿಸಿದರು. ಪ್ರತಿಭಟಿಸಿದ್ದು ಸರಿಯೇ. ಆದರೆ ಈ ಎಲ್ಲ ಸಿಟ್ಟಿನೊಳಗೆ ಒಂದು ಮಾತು ಅಡಗಿತ್ತು: ಇಂಥವರಿಗೂ ಹೀಗೆ ಮಾಡೋದಾ? ಸೀರೆ ಉಟ್ಟ ಸಾಮಾನ್ಯ ಹೆಂಗಸಿಗೆ ಮಾಡಬಹುದಾ ಅನ್ನೋ ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ. ನಮ್ಮದೇ ನಿಲ್ದಾಣಗಳಲ್ಲಿ ತಪಾಸಣೆಯಿಂದ ವಿನಾಯಿತಿ ಇರೋ ಗಣ್ಯರ ಪಟ್ಟಿಯನ್ನ ಬೋರ್ಡ್ ಬರೆಸಿ ಹಾಕಿದ್ದ ದೇಶ ನಮ್ಮದು. ಕ್ಯೂ ತಪ್ಪಿಸಿಕೊಳ್ಳೋದೇ ಇಲ್ಲಿ ಗೌರವ. ಕ್ಯೂನಲ್ಲಿ ನಿಂತವರಿಗೂ ಗೌರವ ಇರಬೇಕು ಅಂತ ಕೇಳೋ ಅಭ್ಯಾಸ ನಮಗಿಲ್ಲ.

ಭದ್ರತೆಗೆ ಬೆಲೆ ಇದೆ, ತೆರಲೇಬೇಕು ಅಂತಾರೆ. ಸರಿ, ಹಾಗಾದರೆ ಬೆಲೆಯ ಲೆಕ್ಕ ಪೂರ್ತಿ ಇಡಿ. 2001ರ ಸೆಪ್ಟೆಂಬರ್ ದಾಳಿಯ ನಂತರ ಎಷ್ಟೋ ಅಮೆರಿಕನ್ನರು ವಿಮಾನ ಬಿಟ್ಟು ಕಾರು ಹಿಡಿದರು. ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಲೆಕ್ಕ ಹಾಕಿದ ಪ್ರಕಾರ ಮುಂದಿನ ಒಂದು ವರ್ಷದಲ್ಲಿ ರಸ್ತೆ ಮೇಲೆ ಸುಮಾರು 1,500 ಜನ ಹೆಚ್ಚುವರಿಯಾಗಿ ಸತ್ತರು. ಭಯವೂ ಕೊಲ್ಲುತ್ತೆ. ಉದ್ದನೆಯ ಸಾಲೂ ಅಪಾಯವೇ. 2016ರಲ್ಲಿ ಬ್ರಸೆಲ್ಸ್ ಮತ್ತು ಇಸ್ತಾಂಬುಲ್ ನಿಲ್ದಾಣಗಳ ಮೇಲೆ ದಾಳಿ ಮಾಡಿದವರು ವಿಮಾನದವರೆಗೆ ಹೋಗುವ ತೊಂದರೆಯನ್ನೇ ತಗೊಳ್ಳಲಿಲ್ಲ, ಜನ ಗುಂಪುಗೂಡಿದ ಕಡೆ ಸಿಡಿಸಿಕೊಂಡರು. ಎಲ್ಲರೂ ಹೊಗಳುವ ಗಟ್ಟಿಮುಟ್ಟಾದ ಕಾಕ್‌ಪಿಟ್ ಬಾಗಿಲು ಕೂಡ, 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನದ ಸಹಪೈಲಟ್ ಒಳಗಿಂದ ಚಿಲಕ ಹಾಕಿಕೊಂಡಾಗ, ಕ್ಯಾಪ್ಟನ್ನನ್ನೇ ಹೊರಗಿಟ್ಟಿತು. 150 ಜನ ಹೋದರು. ಆ ಬಾಗಿಲು ಬೇಡ ಅಂತ ನಾನು ಹೇಳ್ತಿಲ್ಲ. ಪ್ರತಿ ಬೀಗಕ್ಕೂ ಎರಡು ಮುಖ ಇರುತ್ತೆ, ಎರಡನ್ನೂ ನೋಡಿ ತೀರ್ಮಾನ ಮಾಡಿ ಅಂತ ಹೇಳ್ತಿದ್ದೇನೆ.

ತಿಥಿ ದಿನ ಬೆಕ್ಕನ್ನ ಬುಟ್ಟಿಯೊಳಗೆ ಮುಚ್ಚಿಟ್ಟವರ ಕತೆ ನೀವು ಕೇಳಿರ್ತೀರಿ. ಅಪ್ಪನ ಕಾಲದಲ್ಲಿ ಮನೆಯಲ್ಲಿ ಒಂದು ತುಂಟ ಬೆಕ್ಕಿತ್ತು, ಹಾಲಿಗೆ ಬಾಯಿ ಹಾಕುತ್ತೆ ಅಂತ ಮುಚ್ಚಿಟ್ಟರು. ಮಗನ ಕಾಲದಲ್ಲಿ ಬೆಕ್ಕು ಇರಲಿಲ್ಲ, ಪಕ್ಕದ ಮನೆಯಿಂದ ಬೆಕ್ಕು ತಂದು ಮುಚ್ಚಿಟ್ಟು ತಿಥಿ ಮಾಡಿದರು. ನಿಯಮ ತರೋದು ಸುಲಭ, ತೆಗೆಯೋದು ಕಷ್ಟ. ತಂದ ಅಧಿಕಾರಿಗೆ ಶಹಬ್ಬಾಸ್‌ಗಿರಿ ಸಿಗುತ್ತೆ. ತೆಗೆದ ಮರುದಿನ ಏನಾದರೂ ಅನಾಹುತ ಆದರೆ ತೆಗೆದವನ ತಲೆ ಹೋಗುತ್ತೆ. ಅದಕ್ಕೇ ಬೆಕ್ಕು ಹತ್ತೊಂಬತ್ತು ವರ್ಷ ಬುಟ್ಟಿಯಲ್ಲೇ ಕೂತಿತ್ತು.

ಹಾಗಾಗಿ ನನ್ನ ಬೇಡಿಕೆ ತೀರಾ ಸಾಧಾರಣ. ಪ್ರತಿ ನಿಯಮಕ್ಕೂ ಹುಟ್ಟಿದ ದಿನದಲ್ಲೇ ಒಂದು ಕೊನೆ ದಿನಾಂಕ ಬರೆದಿಡಿ. ಆ ದಿನ ಬಂದಾಗ ಅದರಿಂದ ಏನು ಸಿಕ್ಕಿತು ಅಂತ ತೋರಿಸಿ, ಸಿಕ್ಕಿದ್ದರೆ ಮುಂದುವರಿಸಿ. ಒಂದು ನಿಲ್ದಾಣದಲ್ಲಿ ಸರಿಯಾಗಿ ಆದ ತಪಾಸಣೆಯನ್ನ ಮುಂದಿನ ನಿಲ್ದಾಣ ನಂಬುವ ಒಪ್ಪಂದಗಳು ಯುರೋಪ್ ಮತ್ತು ಕೆಲವು ದೇಶಗಳ ನಡುವೆ ಈಗಾಗಲೇ ಇವೆ. ವಿದೇಶಗಳಿಗೆ ಇಷ್ಟು ಜನರನ್ನ ಕಳಿಸುವ ನಮ್ಮ ಸರ್ಕಾರ ಅಂಥದ್ದನ್ನ ಗಟ್ಟಿಯಾಗಿ ಕೇಳಲಿ, ಅದಕ್ಕೆ ಬೇಕಾದ ಗುಣಮಟ್ಟ ಇಲ್ಲಿ ತರಲಿ. ಮೈ ಮುಟ್ಟುವ ತಪಾಸಣೆ ಎಲ್ಲೇ ಆಗಲಿ, ಕೇಳದೆಯೇ ಮರೆಯಲ್ಲಿ ಆಗಲಿ.

ಮುಂದಿನ ಸಲ ಹೊಸ ನಿಯಮ ಬಂದಾಗ, ಬಂದೇ ಬರುತ್ತೆ, ಇದರಿಂದ ನನ್ನ ಫ್ಲೈಟ್ ಮಿಸ್ ಆಗುತ್ತಾ ಅಂತ ಮಾತ್ರ ಯೋಚಿಸಬೇಡಿ. ಇದು ಯಾರನ್ನ ಹಿಡಿಯುತ್ತೆ, ಯಾರನ್ನ ಬರೀ ನಿಲ್ಲಿಸುತ್ತೆ ಅಂತ ಕೇಳಿ. ಹಿಡಿದದ್ದು ಯಾರನ್ನೂ ಅಲ್ಲ, ನಿಲ್ಲಿಸಿದ್ದು ಮಂಡಿ ನೋವಿನ ಅಮ್ಮಂದಿರನ್ನ ಮತ್ತು ಒಂದು ಬಗೆಯ ಹೆಸರಿನವರನ್ನ ಅಂತಾದರೆ, ಅದಕ್ಕೆ ಭದ್ರತೆ ಅಂತ ಹೆಸರಿಡೋಕೆ ನಾವು ಒಪ್ಪಬಾರದು.